ನಲವತ್ತೈದರ ಕಲಾವಿದೆಗೆ ಹೊರದೇಶದ ರೆಸಿಡೆನ್ಸಿ: ಮನೆಯಿಂದ ವಿಮಾನದವರೆಗೆ

ಅರ್ಜಿ ಫಾರ್ಮಿನ ಮೂರನೇ ಸಾಲಿಗೇ ನಮ್ಮ ಉತ್ಸಾಹ ಇಳಿದುಹೋಗುತ್ತಿತ್ತು. ಹೆಸರು ಬರೆದದ್ದಾಯಿತು, ಊರು ಬರೆದದ್ದಾಯಿತು. ಮೂರನೆಯದು ಹುಟ್ಟಿದ ದಿನಾಂಕ, ಅದರ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ 'ವಯಸ್ಸು 35 ಮೀರಿರಬಾರದು'. ಬಾಗಲಕೋಟೆ ನವನಗರದ ನನ್ನ ಗೆಳತಿ, ಸರ್ಕಾರಿ ಹೈಸ್ಕೂಲಿನ ಚಿತ್ರಕಲಾ ಶಿಕ್ಷಕಿ, ಆಗ 47ರವಳು. ಲ್ಯಾಪ್‌ಟಾಪ್ ಮುಚ್ಚಿ, "ಮೂವತ್ತೈದರಾಗ ನಾ ಎರಡು ಹುಡುಗರನ್ನ ಸಾಲಿಗೆ ಕಳಿಸಿ, ಅತ್ತಿಯವ್ರಿಗೆ ಇನ್ಸುಲಿನ್ ಚುಚ್ಚಿ, ಹನ್ನೊಂದಕ್ಕ ಬ್ರಷ್ ಹಿಡೀತಿದ್ದೆ. ರಾತ್ರಿ ಹನ್ನೊಂದಕ್ಕ" ಅಂದಳು.

ಇದು ಅವಳಂಥವರಿಗಾಗಿ, ಅದಕ್ಕಿಂತ ಹೆಚ್ಚಾಗಿ ಅವಳ ಸುತ್ತ ಇರುವವರಿಗಾಗಿ ಬರೆದದ್ದು: ಗಂಡ, ನಾದಿನಿ, ಊರಿನ ಕಲಾ ಮಂಡಳಿ, ತಿಂಗಳಿಗೊಮ್ಮೆ ಹಣ ಕೂಡಿಸಿ ಒಬ್ಬರಿಗೆ ಕೊಡುವ ಭಿಶಿಯ ಗೆಳತಿಯರು. ರೆಸಿಡೆನ್ಸಿ ಎಂದರೆ ಕಲಾವಿದರಿಗೆ ಕೆಲವು ವಾರ ಕೋಣೆ, ಸ್ಟುಡಿಯೊ, ಹಲವು ಕಡೆ ಊಟವನ್ನೂ ಕೊಟ್ಟು 'ನಿಮ್ಮ ಕೆಲಸ ನೀವು ಮಾಡಿಕೊಳ್ಳಿ' ಎಂದು ಬಿಡುವ ವ್ಯವಸ್ಥೆ. ಏಳು ವರ್ಷದಲ್ಲಿ ಬೆಳಗಾವಿಯ ನಮ್ಮ ಬಳಗದಿಂದ ನಾಲ್ವರು ಹೆಂಗಸರು ಹನ್ನೊಂದು ಅರ್ಜಿ ಹಾಕಿದ್ದಾರೆ. ಮೂರು ಫಲಿಸಿವೆ. ಉಳಿದ ಎಂಟರಿಂದ ಕಲಿತದ್ದೇ ಇಲ್ಲಿ ಹೆಚ್ಚು.

ಮೊದಲು: ವಯಸ್ಸಿನ ಕಾಲಂಗೆ ಹೆದರಬೇಡಿ

ಎಷ್ಟೋ ಪ್ರಶಸ್ತಿಗಳು 'ಉದಯೋನ್ಮುಖ'ರಿಗೆ, ಇನ್ನಷ್ಟು 'ಜೀವಮಾನದ ಸಾಧನೆ'ಗೆ. ಎರಡರ ನಡುವಿನ ಇಪ್ಪತ್ತೈದು ವರ್ಷ ಯಾರಿಗೂ ಬೇಡದ ಹೊಲ. ಹೆಂಗಸರು ಬಾಣಂತನ, ಮಕ್ಕಳ ಪರೀಕ್ಷೆ, ಹಿರಿಯರ ಆಸ್ಪತ್ರೆ ಮುಗಿಸಿಕೊಂಡು ಕೆಲಸಕ್ಕೆ ಗಟ್ಟಿಯಾಗಿ ಕೂಡುವುದು ಆ ಹೊಲದಲ್ಲೇ.

ಇದನ್ನು ಗಮನಿಸಿದವರು ಹೊರಗೆ ಇದ್ದಾರೆ. ಅಮೆರಿಕದಲ್ಲಿ 1996ರಿಂದ 'ಅನಾನಿಮಸ್ ವಾಸ್ ಎ ವುಮನ್' ಎಂಬ ಅನುದಾನ ನಲವತ್ತು ದಾಟಿದ ಕಲಾವಿದೆಯರಿಗೆ ಸಿಗುತ್ತಿದೆ. ಹಣ ಕೊಡುವವರು ಯಾರೆಂದು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಗುಟ್ಟಾಗಿತ್ತು. ತಾನೇ ಎಂದು ಕಲಾವಿದೆ ಸೂಸನ್ ಅಂಟರ್‌ಬರ್ಗ್ 2018ರಲ್ಲಿ ಹೇಳಿಕೊಂಡರು. ಇದು ಅಲ್ಲಿ ನೆಲೆಸಿದವರಿಗಷ್ಟೇ, ನಮಗಲ್ಲ. 2005ರಲ್ಲಿ ಲಂಡನ್ನಿನ ವೈಟ್‌ಚಾಪೆಲ್ ಗ್ಯಾಲರಿಯ ಜೊತೆಗೂಡಿ ಶುರುವಾದ ಮ್ಯಾಕ್ಸ್ ಮಾರಾ ಕಲಾ ಪ್ರಶಸ್ತಿ ಗೆದ್ದ ಕಲಾವಿದೆಯನ್ನು ಆರು ತಿಂಗಳು ಇಟಲಿಗೆ ಕಳಿಸುತ್ತದೆ. ಬ್ರಿಟನ್ನಿನಲ್ಲಿ ನೆಲೆಸಿದವರಿಗೇ ಬಹುಕಾಲ ಮೀಸಲಿದ್ದ ಅದು ಈಗ ಆವೃತ್ತಿಗೊಂದು ದೇಶಕ್ಕೆ ಹೋಗುತ್ತಿದೆ, ಇತ್ತೀಚೆಗೆ ಇಂಡೋನೇಷ್ಯಾಕ್ಕೆ ಹೋಗಿದೆ.

ನಮಗೆ ಹತ್ತಿರದ ಉದಾಹರಣೆ ಶೀಲಾ ಗೌಡ. 1957ರಲ್ಲಿ ಭದ್ರಾವತಿಯಲ್ಲಿ ಹುಟ್ಟಿ, ಬೆಂಗಳೂರಿನ ಕೆನ್ ಕಲಾಶಾಲೆ, ಶಾಂತಿನಿಕೇತನ, ಲಂಡನ್ನಿನಲ್ಲಿ ಓದಿ, ಬೆಂಗಳೂರಿನಲ್ಲೇ ಕೂತು ಸಗಣಿ, ಕುಂಕುಮ, ಕೂದಲಿನ ಹಗ್ಗಗಳಲ್ಲಿ ಕೆಲಸ ಮಾಡಿದವರು. ಅವರಿಗೆ 2019ರಲ್ಲಿ 50,000 ಯೂರೋದ ಮರಿಯಾ ಲಾಸ್ನಿಗ್ ಪ್ರಶಸ್ತಿ ಬಂತು, ಜೊತೆಗೆ ಮ್ಯೂನಿಕ್‌ನ ಲೆನ್‌ಬಾಖ್‌ಹೌಸ್‌ನಲ್ಲಿ ಪ್ರದರ್ಶನ. ಆ ಪ್ರಶಸ್ತಿ ಇರುವುದೇ ಕಲಾಜೀವನದ ನಡುಹಾದಿಯಲ್ಲಿ ಇರುವವರಿಗೆ. ಆಸ್ಟ್ರಿಯಾದ ಚಿತ್ರಕಲಾವಿದೆ ಲಾಸ್ನಿಗ್‌ಗೂ ದೊಡ್ಡ ಹೆಸರು ಬಂದದ್ದು ತಡವಾಗಿಯೇ. ಪ್ರಶಸ್ತಿ ಬಂದಾಗ ಶೀಲಾ ಅವರಿಗೆ 62 ಆಗಿತ್ತು. 'ನಡು' ಎಂದರೆ ವಯಸ್ಸಿನ ನಡುವಲ್ಲ, ಕೆಲಸದ ನಡು. ನವನಗರದ ಗೆಳತಿಗೆ ನಾನು ಇಷ್ಟೇ ಹೇಳಿ ಲ್ಯಾಪ್‌ಟಾಪ್ ಮತ್ತೆ ತೆರೆಸಿದೆ.

ಯಾವ ಬಾಗಿಲು ತಟ್ಟಬೇಕು

ಕೆಲವು ಬಾಗಿಲು ತಟ್ಟಿದರೆ ತೆರೆಯುವುದಿಲ್ಲ, ಒಳಗಿನಿಂದಲೇ ಕರೆಯಬೇಕು. ಇಟಲಿಯ ಉಂಬ್ರಿಯಾದ ಕೋಟೆಯಲ್ಲಿರುವ ಚಿವಿತೆಲ್ಲಾ ರನಿಯೇರಿ ರೆಸಿಡೆನ್ಸಿ ಹಾಗೆ, ಯಾರೋ ನಿಮ್ಮ ಹೆಸರು ಸೂಚಿಸಬೇಕು. ಮೇಲೆ ಹೇಳಿದ ದೊಡ್ಡ ಪ್ರಶಸ್ತಿಗಳಿಗೂ ನೀವಾಗಿ ಅರ್ಜಿ ಹಾಕುವ ಹಾಗಿಲ್ಲ. ಅವುಗಳ ಬೆನ್ನು ಹತ್ತಿ ವರ್ಷ ಕಳೆಯಬೇಡಿ. ನಿಮ್ಮ ಹೆಸರು ನಾಲ್ಕು ಕಡೆ ಕಾಣುವಂತಾದರೆ ಅವು ತಾವೇ ಬರುತ್ತವೆ.

ತಟ್ಟಬಹುದಾದ ಬಾಗಿಲುಗಳಲ್ಲಿ ನನಗೆ ಹೆಚ್ಚು ಇಷ್ಟವಾದವು ಎರಡು. ಸ್ವಿಟ್ಜರ್ಲೆಂಡಿನ ಕಲಾ ಮಂಡಳಿ ಪ್ರೊ ಹೆಲ್ವೆಟಿಯಾಕ್ಕೆ ದೆಹಲಿಯಲ್ಲಿ ಕಚೇರಿಯಿದೆ. ದಕ್ಷಿಣ ಏಷ್ಯಾದ ಕಲಾವಿದರನ್ನು ಅಲ್ಲಿನ ಸ್ಟುಡಿಯೊಗಳಿಗೆ ಕಳಿಸುತ್ತದೆ. ಇನ್ನೊಂದು ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನ ಮ್ಯಾಕ್‌ಡವೆಲ್, 1907ರಷ್ಟು ಹಳೆಯದು. ಗರಿಷ್ಠ ಆರು ವಾರ, ಯಾವ ದೇಶದವರೂ ಅರ್ಜಿ ಹಾಕಬಹುದು. ಅರ್ಜಿಗೆ ಸಣ್ಣ ಶುಲ್ಕವುಂಟು, ಆಯ್ಕೆಯಾದರೆ ವಸತಿಗೂ ಊಟಕ್ಕೂ ಕಾಸಿಲ್ಲ. ಮಿಕ್ಕವನ್ನು ಹುಡುಕಲು ರೆಸ್ ಆರ್ಟಿಸ್ ಮತ್ತು ಟ್ರಾನ್ಸ್‌ಆರ್ಟಿಸ್ಟ್ಸ್ ಎಂಬ ಎರಡು ಜಾಲತಾಣ ಸಾಕು.

ಮೂರನೆಯ ಜಾತಿಯೊಂದಿದೆ: 'ಅಭಿನಂದನೆಗಳು, ನೀವು ಆಯ್ಕೆಯಾಗಿದ್ದೀರಿ' ಎಂದು ನೀವು ಅರ್ಜಿಯೇ ಹಾಕದ ಕಡೆಯಿಂದ ಮೇಲ್ ಬರುತ್ತದೆ. ನಾಲ್ಕನೇ ಪ್ಯಾರಾದಲ್ಲಿ ನೋಂದಣಿ ಶುಲ್ಕ, ಕ್ಯಾಟಲಾಗ್ ಶುಲ್ಕ, ಟ್ರೋಫಿಯ ಅಂಚೆ ವೆಚ್ಚ. ಅಳಿಸಿಬಿಡಿ. ದುಡ್ಡು ತೆಗೆದುಕೊಂಡು ಕೋಣೆ ಕೊಡುವ ರೆಸಿಡೆನ್ಸಿಗಳು ಬೇರೆ, ಅವು ಮೋಸವಲ್ಲ. ಆದರೆ ಅದಕ್ಕಾಗಿ ಬಂಗಾರ ಒತ್ತೆ ಇಡಬೇಡಿ ಎಂಬುದು ನನ್ನ ಮಾತು.

ಹೊರದೇಶಕ್ಕೆ ಮುಂಚೆ ಹತ್ತಿರದ ಮೆಟ್ಟಿಲು

ಮನೆ ಬಿಟ್ಟು ನಾಲ್ಕು ವಾರ ಒಬ್ಬಳೇ ಕೆಲಸ ಮಾಡಿ ಗೊತ್ತಿಲ್ಲದವರಿಗೆ ನೇರವಾಗಿ ಸ್ವಿಟ್ಜರ್ಲೆಂಡ್ ಬೇಡ. ಬಳ್ಳಾರಿ ಸೀಮೆಯ ವಿದ್ಯಾನಗರದಲ್ಲಿ 2024ರಲ್ಲಿ ತೆರೆದ ಹಂಪಿ ಆರ್ಟ್ ಲ್ಯಾಬ್ಸ್‌ನಲ್ಲಿ ರೆಸಿಡೆನ್ಸಿಗಳಿವೆ. ಬೆಂಗಳೂರಿನಲ್ಲಿ 1 ಶಾಂತಿರೋಡ್, ದೆಹಲಿಯಲ್ಲಿ 1997ರಿಂದ ನಡೆಯುತ್ತಿರುವ ಖೋಜ್ ಇವೆ. ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಕಲೆಗೆ ಅನುದಾನ ಕೊಡುವ ಬೆಂಗಳೂರಿನದೇ ಸಂಸ್ಥೆ, ಅಲ್ಲಿಗೆ ಕನ್ನಡದಲ್ಲೇ ಪ್ರಸ್ತಾವ ಬರೆದು ಕಳಿಸಬಹುದು. ಇಂಗ್ಲಿಷಿನ ಭಯವಿಲ್ಲದೆ ಮೊದಲ ಸಲ ಬಜೆಟ್, ವೇಳಾಪಟ್ಟಿ ಬರೆಯುವುದನ್ನು ಕಲಿಯಲು ಇದಕ್ಕಿಂತ ಒಳ್ಳೆಯ ಜಾಗ ನಾ ಕಾಣೆ. ಕೇಂದ್ರ ಸಂಸ್ಕೃತಿ ಸಚಿವಾಲಯದ ಸೀನಿಯರ್ ಫೆಲೋಶಿಪ್ ನಲವತ್ತು ದಾಟಿದವರಿಗೇ ಇರುವುದು: ತಿಂಗಳಿಗೆ ₹20,000, ಎರಡು ವರ್ಷ. ಇವುಗಳಲ್ಲಿ ಒಂದಾದರೂ ಬಯೋಡೇಟಾದಲ್ಲಿದ್ದರೆ ಹೊರಗಿನ ಆಯ್ಕೆ ಸಮಿತಿಗೆ ಧೈರ್ಯ ಬರುತ್ತದೆ. ಮನೆಯವರಿಗೂ.

ಫೋಟೊ: ಅರ್ಧ ಗೆಲುವು ಇಲ್ಲೇ

ನಮ್ಮ ಎಂಟು ಸೋಲುಗಳಲ್ಲಿ ಐದಕ್ಕೆ ಕೆಟ್ಟ ಫೋಟೊಗಳೇ ಕಾರಣ ಎಂದು ನಾನು ಈಗಲೂ ನಂಬಿದ್ದೇನೆ. ಚಿತ್ರದ ಗಾಜಿನಲ್ಲಿ ಟ್ಯೂಬ್‌ಲೈಟ್, ಟ್ಯೂಬ್‌ಲೈಟಿನ ಕೆಳಗೆ ಫೋಟೊ ತೆಗೆಯುವವರ ಮುಖ. ಸಮಿತಿಯವರು ನಿಮ್ಮ ಚಿತ್ರ ನೋಡುವುದಿಲ್ಲ, ಚಿತ್ರದ ಫೋಟೊವನ್ನು ನೋಡುತ್ತಾರೆ, ಅದೂ ಕೆಲವೇ ಸೆಕೆಂಡು.

ಒಳ್ಳೆಯ ಮೊಬೈಲ್ ಇದ್ದರೆ ಕ್ಯಾಮೆರಾ ಬೇಕಿಲ್ಲ. ಚಿತ್ರವನ್ನು ಚೌಕಟ್ಟಿನಿಂದ, ಗಾಜಿನಿಂದ ಬಿಡಿಸಿ. ಮನೆಯ ಉತ್ತರದ ಗೋಡೆಯ ನೆರಳಲ್ಲಿ, ಬೆಳಿಗ್ಗೆ ಒಂಬತ್ತರ ಹೊತ್ತಿಗೆ, ಬಿಳಿ ಧೋತರದ ಮುಂದೆ ಇಡಿ. ವಿಜಯಪುರದ ಬೇಸಿಗೆಯಲ್ಲಾದರೆ ಎಂಟಕ್ಕೇ ಮುಗಿಸಿಬಿಡಿ, ಆಮೇಲಿನ ಬಿಸಿಲು ಬಣ್ಣ ನುಂಗುತ್ತದೆ. ಮೊಬೈಲ್ ಚಿತ್ರದ ಸರಿ ನಡುವಿನ ಎತ್ತರಕ್ಕಿರಲಿ, ನಾಲ್ಕು ಅಂಚೂ ನೇರ ಕಾಣಲಿ. ಫ್ಲ್ಯಾಶ್ ಬೇಡ, ಫಿಲ್ಟರ್ ಬೇಡವೇ ಬೇಡ. ಪ್ರತಿ ಕೃತಿಗೂ ಒಂದು ಪೂರ್ತಿ ಫೋಟೊ, ಒಂದು ಹತ್ತಿರದ ಫೋಟೊ. ನೂಲು, ಕಸೂತಿ, ಮಣ್ಣಿನ ಕೆಲಸವಾದರೆ ಕೈ ಪಕ್ಕದಲ್ಲಿಟ್ಟು ಇನ್ನೊಂದು ತೆಗೆದರೆ ಅಳತೆ ಗೊತ್ತಾಗುತ್ತದೆ.

ಕಡತಕ್ಕೆ 'ಫೈನಲ್ ಫೈನಲ್ 2' ಎಂದು ಹೆಸರಿಡಬೇಡಿ. ಕ್ರಮಸಂಖ್ಯೆ, ಅಡ್ಡಹೆಸರು (ಮನೆತನದ ಹೆಸರು), ಕೃತಿಯ ಹೆಸರು, ವರ್ಷ. ಅಡಿಟಿಪ್ಪಣಿಯಲ್ಲಿ ಮಾಧ್ಯಮ ಮತ್ತು ಅಳತೆ, ಅಳತೆ ಸೆಂಟಿಮೀಟರಿನಲ್ಲಿ. ಹತ್ತು ಕೇಳಿದರೆ ಹತ್ತೇ ಕಳಿಸಿ. ಮೂರು ಬೇರೆ ಬೇರೆ ಬಗೆಯ ಕೆಲಸ ತೋರಿಸುವ ಆಸೆ ಎಲ್ಲರಿಗೂ ಇರುತ್ತದೆ, ತಡೆದುಕೊಳ್ಳಿ. ಒಂದೇ ದಾರಿಯಲ್ಲಿ ಎಷ್ಟು ದೂರ ನಡೆದಿದ್ದೀರಿ ಎಂಬುದನ್ನು ಅವರು ಹುಡುಕುತ್ತಾರೆ.

ನಿಮ್ಮ ಕೆಲಸದ ಬಗ್ಗೆ ಒಂದು ಪುಟ

ನವನಗರದ ಗೆಳತಿಯ ಮೊದಲ ಕರಡು ಹೀಗೆ ಶುರುವಾಗಿತ್ತು: 'ಬಾಲ್ಯದಿಂದಲೂ ಪ್ರಕೃತಿಯ ಸೌಂದರ್ಯದಿಂದ ಪ್ರಭಾವಿತಳಾದ ನಾನು ಮಾನವೀಯ ಸಂವೇದನೆಗಳನ್ನು ಅಭಿವ್ಯಕ್ತಿಸುತ್ತೇನೆ.' ಇದನ್ನು ಯಾರು ಬೇಕಾದರೂ ಬರೆಯಬಹುದು, ಎಲ್ಲರೂ ಬರೆದೂ ಇದ್ದಾರೆ. ನಾನು ಮೊಬೈಲಿನ ರೆಕಾರ್ಡರ್ ಒತ್ತಿ, "ಹೋಗ್ಲಿ ಬಿಡು. ಈ ಬಾಗಲಾ ಯಾಕ ಬರೀತಿ, ಅದನ್ನ ಹೇಳು" ಅಂದೆ. ನಲವತ್ತು ನಿಮಿಷ ಮಾತಾಡಿದಳು. ಅದರಲ್ಲಿ ಹೆಕ್ಕಿ ಬರೆದದ್ದು ಇಷ್ಟು:

'ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ನನ್ನ ಊರಿನ ಅರ್ಧ ನುಂಗಿತು. ಮನೆ ಬಿಡುವಾಗ ಜನ ತಲಬಾಗಿಲುಗಳನ್ನು ಕಿತ್ತು ಹೊಸ ಊರಿಗೆ ಹೊತ್ತುಕೊಂಡು ಬಂದರು. ಹೊಸ ಮನೆಗಳ ಚೌಕಟ್ಟಿಗೆ ಅವು ಹೊಂದಲಿಲ್ಲ. ಹದಿನಾಲ್ಕು ವರ್ಷದಿಂದ ನಾನು ಹಾಗೆ ಗೋಡೆಗೆ ಒರಗಿ ನಿಂತ ಬಾಗಿಲುಗಳನ್ನು ಅವುಗಳದೇ ಅಳತೆಯಲ್ಲಿ ಬರೆಯುತ್ತಿದ್ದೇನೆ. ಪ್ರತಿ ಚಿತ್ರದಲ್ಲೂ ಒಂದು ಅಡ್ಡ ನೀಲಿ ಗೆರೆಯಿದೆ, ಅದು 519.60 ಮೀಟರ್, ಜಲಾಶಯದ ಪೂರ್ಣ ಮಟ್ಟ.'

ಮುಂದಿನ ಸಮಿತಿ ಅವಳನ್ನು ಸಂದರ್ಶನಕ್ಕೆ ಕರೆಯಿತು. ಮೊದಲ ಪ್ರಶ್ನೆಯೇ ಆ ನೀಲಿ ಗೆರೆಯ ಬಗ್ಗೆ.

ನೇಯ್ಗೆಯ ಕೆಲಸ ಮಾಡುವವರಿಗೂ ಇದೇ ಮಾತು. 'ಪಾರಂಪರಿಕ ಇಳಕಲ್ ಸೀರೆಯಿಂದ ಪ್ರೇರಣೆ' ಎಂದರೆ ಅಲ್ಲಿನವರಿಗೆ ಏನೂ ಕಾಣದು. ಸೀರೆಯ ಮೈಯ ಹಾಸನ್ನೂ ಸೆರಗಿನ ಹಾಸನ್ನೂ ಬೇರೆಬೇರೆ ಹೂಡಿ ಕುಣಿಕೆ ಕುಣಿಕೆಯಾಗಿ ಜೋಡಿಸುವ ಟೋಪಿ ತೆನಿಯನ್ನು ಎರಡು ಸಾಲಿನಲ್ಲಿ ಹೇಳಿ, ಆ ಜೋಡಣೆಯನ್ನು ನೀವು ಏನು ಮಾಡಿದಿರಿ ಎಂದು ಮೂರನೇ ಸಾಲಿನಲ್ಲಿ ಬರೆಯಿರಿ.

ಕನ್ನಡದಲ್ಲಿ ಮುಗಿಸಿದ ಮೇಲೆಯೇ ಇಂಗ್ಲಿಷಿಗೆ ಹೋಗಿ. ಅನುವಾದಕ್ಕೆ ವ್ಯಾಕರಣ ಬಲ್ಲವರಿಗಿಂತ ನಿಮ್ಮ ಚಿತ್ರ ನೋಡಿ ಪ್ರಶ್ನೆ ಕೇಳುವವರು ಬೇಕು. ಅವರಿಗೆ ದುಡ್ಡು ಕೊಡಿ. 2025ರ ಅಂತಾರಾಷ್ಟ್ರೀಯ ಬೂಕರ್‌ನ 50,000 ಪೌಂಡ್ ಬಾನು ಮುಷ್ತಾಕ್ ಅವರಿಗೂ ಅನುವಾದಕಿ ದೀಪಾ ಭಾಸ್ತಿ ಅವರಿಗೂ ಸಮನಾಗಿ ಹಂಚಿಕೆಯಾಯಿತು. ನಾವೋ 'ಸ್ವಲ್ಪ ನೋಡಿಕೊಡಿ ಸರ್' ಎಂದು ಪುಕ್ಕಟೆ ಕೇಳುತ್ತೇವೆ.

ಬಯೋಡೇಟಾದ ಖಾಲಿ ವರ್ಷಗಳು

2004ರಿಂದ 2012ರವರೆಗೆ ಪ್ರದರ್ಶನವೇ ಇಲ್ಲದಿದ್ದರೆ ಮುಚ್ಚಿಡಬೇಡಿ. 'ಮಕ್ಕಳ ಪಾಲನೆ, ಹಿರಿಯರ ಆರೈಕೆ' ಎಂದು ಒಂದು ಸಾಲು ಬರೆದರೆ ಇವತ್ತಿನ ಒಳ್ಳೆಯ ಸಮಿತಿಗಳು ಅದನ್ನು ಗೌರವದಿಂದಲೇ ಓದುತ್ತವೆ. ಅದಕ್ಕೂ ಮುಂಚೆ, ಆ ವರ್ಷಗಳು ನಿಜವಾಗಿ ಖಾಲಿಯೇ ಎಂದು ಪಕ್ಕದಲ್ಲಿ ಕೂತು ಕೇಳಿ. ನಮ್ಮ ಬಳಗದ ಒಬ್ಬರು "ಏನೂ ಮಾಡಿಲ್ರೀ ವೈನಿ" ಎನ್ನುತ್ತಿದ್ದವರು. ಕೆದಕಿದರೆ ಬನಶಂಕರಿ ಜಾತ್ರೆಯ ನಾಟಕ ಕಂಪನಿಗಳಿಗೆ ಐದು ವರ್ಷ ಅರಮನೆ, ಕಾಡು, ಬೀದಿಯ ಪರದೆಗಳನ್ನು ಬರೆದುಕೊಟ್ಟಿದ್ದರು. ಪರದೆಯ ಮೇಲೆ ಹೆಸರಿದ್ದದ್ದು ಮಾತ್ರ ಅವರ ಮಾವನದು! ಅಂಗನವಾಡಿ ಗೋಡೆ, ಮಕ್ಕಳ ಶಿಬಿರ, ಪುಸ್ತಕದ ಮುಖಪುಟ ಎಲ್ಲವೂ ಕೆಲಸವೇ. ಬರೆಯಿರಿ.

ಶಿಫಾರಸು ಪತ್ರಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ: ಆರು ವಾರ ಮುಂಚೆ ಕೇಳಿ. ದೊಡ್ಡ ಹುದ್ದೆಯವರಿಗಿಂತ ನಿಮ್ಮ ಸ್ಟುಡಿಯೊಗೆ ಬಂದು ಹೋದವರ ಪತ್ರ ತೂಕದ್ದು.

ಗಡಿಯಾರ

ಇದು ನನ್ನದೇ ತಪ್ಪು. ಯುರೋಪಿನ ಒಂದು ರೆಸಿಡೆನ್ಸಿಗೆ ಕಡೆಯ ದಿನ '12:00, ಸಿಇಟಿ' (ಮಧ್ಯ ಯುರೋಪಿನ ವೇಳೆ) ಎಂದಿತ್ತು. ನಾನು ಮಧ್ಯರಾತ್ರಿ ಎಂದುಕೊಂಡೆ. ಊಟ ಮುಗಿಸಿ ಎಂಟಕ್ಕೆ ಕೂತರೆ ಬಾಗಿಲು ಮುಚ್ಚಿ ಮೂರೂವರೆ ತಾಸು ಆಗಿತ್ತು. ಅದು ಅಲ್ಲಿನ ಮಧ್ಯಾಹ್ನ ಹನ್ನೆರಡು, ಚಳಿಗಾಲದಲ್ಲಿ ನಮ್ಮ ಸಂಜೆ ನಾಲ್ಕೂವರೆ. ಅಂದಿನಿಂದ ಕಡೆಯ ದಿನವನ್ನು ನಮ್ಮ ವೇಳೆಗೆ ಬದಲಿಸಿ, ಅದರಿಂದ ಎರಡು ದಿನ ಕಳೆದು ಕ್ಯಾಲೆಂಡರಿನಲ್ಲಿ ಬರೆಯುತ್ತೇವೆ.

ಮನೆಯ ಲೆಕ್ಕ

ಗೆಳತಿ ಆಯ್ಕೆಯಾದಳು. ಐದು ವಾರ. ಆ ರಾತ್ರಿ ಫೋನಿನಲ್ಲಿ ಅವಳ ದನಿಯಲ್ಲಿ ಸಂತೋಷವಿರಲಿಲ್ಲ, "ರೊಟ್ಟಿ ಯಾರ ಬಡೀತಾರ?" ಎಂಬ ಪ್ರಶ್ನೆಯಿತ್ತು.

ಇದನ್ನು ನಗುವ ವಿಷಯ ಅಂದುಕೊಂಡವರು ಅರ್ಜಿಗೆ ಸಹಾಯ ಮಾಡಿ ಅಲ್ಲಿಗೇ ನಿಲ್ಲುತ್ತಾರೆ. ನಿಜವಾದ ಬೆಂಬಲ ಇಲ್ಲಿಂದ ಶುರು. ಅರ್ಜಿ ಹಾಕುವ ಮುಂಚೆಯೇ ಮನೆಯವರನ್ನೆಲ್ಲ ಕೂಡಿಸಿ ಒಂದು ಹಾಳೆಯಲ್ಲಿ ಅವಳ ಒಂದು ದಿನ ಬರೆಸಿ, ಎದ್ದಾಗಿನಿಂದ ಮಲಗುವವರೆಗೆ. ಪ್ರತಿ ಕೆಲಸದ ಮುಂದೆ ಇನ್ನೊಬ್ಬರ ಹೆಸರು ಬರಬೇಕು. 'ಎಲ್ಲರೂ ಸೇರಿ ನೋಡಿಕೊಳ್ತೀವಿ' ಎಂದರೆ ಯಾರೂ ನೋಡುವುದಿಲ್ಲ. ಅವಳ ಮನೆಯಲ್ಲಿ ಇನ್ಸುಲಿನ್ ಮಗನ ಪಾಲಿಗೆ ಬಂತು, ರೊಟ್ಟಿ ಖಾನಾವಳಿಯಿಂದ, ಶೇಂಗಾ ಚಟ್ನಿ ಐದು ವಾರಕ್ಕಾಗುವಷ್ಟು ಮೊದಲೇ ಕುಟ್ಟಿಟ್ಟದ್ದು. ಹೊರಡುವ ತಿಂಗಳ ಮುಂಚೆ ಒಂದು ವಾರ ಅವಳನ್ನು ಬೆಳಗಾವಿಯ ನಮ್ಮ ಮನೆಗೆ ಕರೆಸಿಕೊಂಡು ಈ ಏರ್ಪಾಡನ್ನು ಪರೀಕ್ಷಿಸಿದೆವು. ಎರಡನೇ ದಿನವೇ ಗ್ಯಾಸ್ ಸಿಲಿಂಡರ್ ಯಾರು ಬುಕ್ ಮಾಡಬೇಕೆಂದು ಗಂಡನ ಫೋನು. ಆ ಹಾಳೆಗೆ ಇನ್ನೊಂದು ಸಾಲು ಸೇರಿತು.

ಮ್ಯಾಕ್‌ಡವೆಲ್‌ನಲ್ಲಿ ಮಧ್ಯಾಹ್ನದ ಬುತ್ತಿಯನ್ನು ಬುಟ್ಟಿಯಲ್ಲಿ ತಂದು ಸ್ಟುಡಿಯೊದ ಬಾಗಿಲ ಮುಂದೆ ಸದ್ದಿಲ್ಲದೆ ಇಟ್ಟು ಹೋಗುವ ರೂಢಿಯಿದೆ, ಕೆಲಸ ತುಂಡಾಗಬಾರದೆಂದು. ಇದನ್ನು ಭಿಶಿಯಲ್ಲಿ ಓದಿ ಹೇಳಿದಾಗ ಹನ್ನೆರಡು ಜನರಲ್ಲಿ ಯಾರೂ ಮಾತಾಡಲಿಲ್ಲ. ಕೊನೆಗೆ ಒಬ್ಬರು, "ಬುಟ್ಟಿ ತೊಳಿಯೋದೂ ಅವರss ಏನು?" ಎಂದು ಕೇಳಿದರು.

ಹಣದ ವಿಷಯವೂ ಭಿಶಿಯಲ್ಲೇ ಬಗೆಹರಿಯಿತು. 'ಪೂರ್ತಿ ವೆಚ್ಚ ನಮ್ಮದು' ಎನ್ನುವ ಕಡೆಯೂ ಮೊದಲು ಕೈಯಿಂದ ಹಾಕಬೇಕಾದದ್ದು ಬಹಳ: ವೀಸಾ, ವಿಮೆ, ವೀಸಾ ಕೇಂದ್ರಕ್ಕೆ ಓಡಾಟ, ಸಾಮಗ್ರಿ. ಹೊರಡುವವರಿಗೆ ಆ ತಿಂಗಳ ಎತ್ತುವಳಿ ಎಂದು ನಾವು ಒಪ್ಪಂದ ಮಾಡಿಕೊಂಡಿದ್ದೇವೆ. ಸಂಬಳವಿಲ್ಲದೆ ಟ್ಯೂಷನ್‌ನಿಂದ ಸಂಸಾರ ನಡೆಸುವ ಕಲಾವಿದೆಯಾದರೆ ಅವಳು ಇಲ್ಲದ ತಿಂಗಳ ಆದಾಯವನ್ನೂ ಬಜೆಟ್ಟಿನಲ್ಲಿ ಕೇಳಿ. ಕೇಳುವುದಕ್ಕೆ ನಾಚಿಕೆ ಬೇಡ, ಕೊಡದಿದ್ದರೆ ಇಲ್ಲ ಅನ್ನುತ್ತಾರೆ ಅಷ್ಟೇ.

ಕಾಗದಪತ್ರ

ಪಾಸ್‌ಪೋರ್ಟ್ ಮೊದಲೇ ಇರಲಿ, ಆಯ್ಕೆಯಾದ ಮೇಲೆ ಓಡುವುದು ಬೇಡ. 36 ಪುಟದ್ದಕ್ಕೆ ₹1,500, ಹತ್ತು ವರ್ಷ ನಡೆಯುತ್ತದೆ. ನಮ್ಮ ಕಡೆ ತೊಡಕು ಹೆಸರಿನದು: ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ತವರಿನ ಅಡ್ಡಹೆಸರು, ಆಧಾರ್‌ನಲ್ಲಿ ಗಂಡನದು, ಕ್ಯಾಟಲಾಗಿನಲ್ಲಿ ಕಲಾವಿದೆಯ ಹೆಸರು ಇನ್ನೊಂದು. ಮದುವೆಯಾದರೆ ಹೆಸರು ಬದಲಿಸಲೇಬೇಕು ಎಂಬ ನಿಯಮವಿಲ್ಲ, ಮದುವೆ ಪ್ರಮಾಣಪತ್ರ ಕಡ್ಡಾಯ ಎಂಬುದನ್ನು 2016ರ ಕೊನೆಗೇ ಕೈಬಿಟ್ಟಿದ್ದಾರೆ. ಯಾವುದಾದರೂ ಒಂದು ಹೆಸರನ್ನು ಹಿಡಿದು ಎಲ್ಲ ದಾಖಲೆಯನ್ನೂ ಅದಕ್ಕೆ ಹೊಂದಿಸಿ. ಆಮಂತ್ರಣ ಪತ್ರದಲ್ಲೂ ಅದೇ ಹೆಸರು ಬರೆಸಿ.

ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿ ನಡೆಯುವ ಷೆಂಗೆನ್ ವೀಸಾದ ಶುಲ್ಕ 2024ರ ಜೂನ್‌ನಿಂದ 90 ಯೂರೋ. ಆರು ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು, ಕನಿಷ್ಠ 30,000 ಯೂರೋದ ಪ್ರವಾಸ ವಿಮೆ ಬೇಕು. 180 ದಿನಗಳಲ್ಲಿ 90 ದಿನ ಮೀರುವ ರೆಸಿಡೆನ್ಸಿಯಾದರೆ ಆ ದೇಶದ್ದೇ ಬೇರೆ ವೀಸಾ, ಅದಕ್ಕೆ ಹೆಚ್ಚು ಸಮಯ ಹಿಡಿಯುತ್ತದೆ.

ಸರ್ಕಾರಿ ನೌಕರಿಯವರು ಇಲ್ಲಿ ಎರಡು ಸಲ ಓದಿ. ರಜೆ ಮಂಜೂರಾತಿ ಮತ್ತು ಇಲಾಖೆಯ ಅನುಮತಿ ಅಷ್ಟೇ ಸಾಲದು. ಸರ್ಕಾರಿ ನೌಕರರು ವಿದೇಶದಲ್ಲಿ ಅಲ್ಲಿನವರ ಖರ್ಚಿನಲ್ಲಿ ಉಳಿದು ಉಣ್ಣುವುದಕ್ಕೆ ವಿದೇಶಿ ದೇಣಿಗೆ ಕಾಯ್ದೆಯ 6ನೇ ಕಲಂ ಪ್ರಕಾರ ಕೇಂದ್ರ ಸರ್ಕಾರದ ಪೂರ್ವಾನುಮತಿ ಬೇಕು. ಎಫ್‌ಸಿ-2 ಎಂಬ ಆನ್‌ಲೈನ್ ಅರ್ಜಿ, ಹೊರಡುವುದಕ್ಕೆ ಕನಿಷ್ಠ ಎರಡು ವಾರ ಮುಂಚೆ ಹಾಕಬೇಕು. ನಾವು ಎರಡು ತಿಂಗಳು ಮುಂಚೆ ಹಾಕಿದೆವು. ಬಹುಮಾನದ ಹಣವಿದ್ದರೆ ಅದನ್ನು ಸ್ವೀಕರಿಸಬಹುದೇ ಎಂದೂ ಲಿಖಿತವಾಗಿ ಕೇಳಿಕೊಳ್ಳಿ.

ಹೊರಗಿನ ಬಹುಮಾನಕ್ಕೆ ತೆರಿಗೆ ಇಲ್ಲ ಎಂಬುದು ಸುಳ್ಳು ಸಮಾಧಾನ. ನಮ್ಮ ಸರ್ಕಾರ ಮಾನ್ಯ ಮಾಡಿದ ಪ್ರಶಸ್ತಿಗಳಿಗಷ್ಟೇ ವಿನಾಯಿತಿ. ಹಣ ಬರುವ ಮುಂಚೆ ಲೆಕ್ಕ ಪರಿಶೋಧಕರನ್ನು ಕಾಣಿ.

ಇನ್ನೊಂದು ಸಣ್ಣ ವಿಷಯ. ಅಜ್ಜಿಯ ಸೀರೆ, ಹಳೆಯ ಬಾಗಿಲ ಕೆತ್ತನೆಯ ತುಂಡು ಇಂಥವನ್ನು ಕೃತಿಯೊಳಗೆ ಸೇರಿಸಿ ಒಯ್ಯುವವರಿದ್ದಾರೆ. ನೂರು ವರ್ಷ ದಾಟಿದ ಕಲಾವಸ್ತು 1972ರ ಕಾಯ್ದೆಯ ಪ್ರಕಾರ ಪುರಾತನ ವಸ್ತು, ಅದನ್ನು ದೇಶದ ಹೊರಗೆ ಒಯ್ಯುವಂತಿಲ್ಲ. ಅಷ್ಟು ಹಳೆಯದಲ್ಲ ಎಂದು ಪುರಾತತ್ತ್ವ ಸರ್ವೇಕ್ಷಣ ಇಲಾಖೆಯಿಂದ ಪ್ರಮಾಣಪತ್ರ ಪಡೆಯಬಹುದು. ಗೆಳತಿ ಕಡೆಗೆ ಬಾಗಿಲ ತುಂಡನ್ನು ಮನೆಯಲ್ಲೇ ಬಿಟ್ಟು, ಕಾಗದ ಒತ್ತಿ ಇದ್ದಿಲಿನಿಂದ ಅದರ ಅಚ್ಚು ತೆಗೆದುಕೊಂಡು ಹೋದಳು. ಕಾಗದದ ಸುರುಳಿ ಕೈಚೀಲದಲ್ಲೇ ಹಿಡಿಸಿತು.

ಬಂದ ಮೇಲೆ

ಸಾಂಬ್ರಾ ವಿಮಾನ ನಿಲ್ದಾಣದಿಂದ ನೇರ ಸನ್ಮಾನಕ್ಕೆ ಕರೆದೊಯ್ಯಬೇಡಿ. ಶಾಲು, ಫಲತಾಂಬೂಲ, ಭಾಷಣ ಹದಿನೈದು ದಿನ ತಡೆಯಲಿ. ಮೊದಲ ವಾರದಲ್ಲಿ ಅವಳಿಗೆ ಮೂರು ಕೆಲಸ: ರೆಸಿಡೆನ್ಸಿಗೆ ವರದಿ ಮತ್ತು ಖರ್ಚಿನ ರಸೀದಿ, ಅಲ್ಲಿ ಭೇಟಿಯಾದವರಿಗೆ ಎರಡು ಸಾಲಿನ ಮೇಲ್, ಅಲ್ಲಿ ಮಾಡಿದ ಕೆಲಸದ ಫೋಟೊ. ಮುಂದಿನ ಬಾರಿ ಹೆಸರು ಸೂಚಿಸುವವರು ಆ ಮೇಲ್ ಪಡೆದವರೇ ಆಗಿರುತ್ತಾರೆ.

ಮನೆಯ ಹಾಳೆಯನ್ನು ಹರಿಯಬೇಡಿ. ಗೆಳತಿಯ ಮನೆಯ ಫ್ರಿಜ್ ಮೇಲೆ ಅದು ಈಗಲೂ ಇದೆ, ಇನ್ಸುಲಿನ್ ಮುಂದೆ ಇನ್ನೂ ಮಗನ ಹೆಸರೇ ಇದೆ. ರೊಟ್ಟಿಯ ಮುಂದಿನ ಹೆಸರು ಮಾತ್ರ ಅವಳು ಬಂದ ಮೂರನೇ ದಿನಕ್ಕೆ ಬದಲಾಯಿತು. ಖಾನಾವಳಿಯ ರೊಟ್ಟಿ ಯಾರಿಗೂ ಹಿಡಿಸಿರಲಿಲ್ಲವಂತೆ.